ಬಾಡಿಗೆಯಿಲ್ಲದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಎರಡರಲ್ಲಿ ಯಾವುದು ಹೆಚ್ಚು ಕಷ್ಟವೆಂಬುದನ್ನು ಮಾತ್ರ ಅವರು ಹೇಳದೆ ಬಿಟ್ಟರು. ಕೈಯಲ್ಲಿ ಹಣವಿಲ್ಲದೆ, ಎದೆಯಲ್ಲಿ ರೋಗವನ್ನಿಟ್ಟುಕೊಂಡು, ತಿಂಗಳೊಪ್ಪತ್ತಿನೊಳಗೆ ಎರಡನ್ನೂ ಮಾಡಿ ನೋಡಿದವನೊಬ್ಬನಿದ್ದಾನೆ. ಅವನೇ ರಾಬರ್ಟ್ ಲೂಯಿ ಸ್ಟೀವನ್‌ಸನ್. ಅವನು ಹೊಸ ಮನೆಯನ್ನು ಕಟ್ಟಲಿಲ್ಲ, ನಿಜ. ಯಾರೂ ಬೇಡವೆಂದು ಬಿಟ್ಟುಹೋಗಿದ್ದ ಮನೆಯನ್ನು ಮನೆಯೆನಿಸಿದನು. ಅದು ಕಟ್ಟುವುದಕ್ಕಿಂತ ಸುಲಭವಾದ ಕೆಲಸವೇನಲ್ಲ.

‘ಟ್ರೆಷರ್ ಐಲೆಂಡ್’ ಎಂಬ ಕಡಲುಗಳ್ಳರ ಕಥೆಯನ್ನು ಶಾಲೆಯ ದಿನಗಳಲ್ಲಿ ಓದಿ ರೋಮಾಂಚಗೊಂಡವರು ನಮ್ಮಲ್ಲಿಯೂ ಅನೇಕರಿದ್ದಾರೆ. ಆ ಕಥೆ ಮೊದಲು ಬೆಳಕು ಕಂಡದ್ದು ಪುಸ್ತಕರೂಪದಲ್ಲಲ್ಲ. ೧೮೮೧-೮೨ರಲ್ಲಿ ಹುಡುಗರ ವಾರಪತ್ರಿಕೆಯೊಂದರಲ್ಲಿ, ಧಾರಾವಾಹಿಯಾಗಿ. ಆದರೆ ಇಲ್ಲಿನ ಪ್ರಸ್ತಾಪ ಅದಕ್ಕಿಂತ ಒಂದು ವರ್ಷ ಹಿಂದಿನದು. ಆಗ ಅವನು ಪ್ರಸಿದ್ಧನೂ ಅಲ್ಲ, ಸ್ಥಿತಿವಂತನೂ ಅಲ್ಲ. ಆಗತಾನೆ ಮದುವೆಯಾಗಿ, ಹೆಂಡತಿಯನ್ನು ಎಲ್ಲಿರಿಸಿ ಹೇಗೆ ಸಾಕಬೇಕೆಂದು ಚಿಂತಿಸುತ್ತಿದ್ದ ಇಪ್ಪತ್ತೊಂಬತ್ತು ವರ್ಷದ ಒಬ್ಬ ರೋಗಿ, ಅಷ್ಟೆ.

ಹೆಂಡತಿಯೆಂದರೂ ಹಸೆಮಣೆಯನ್ನು ಮೊದಲ ಬಾರಿಗೆ ಏರಿದವಳಲ್ಲ. ಫ್ಯಾನಿ ಆಸ್ಬರ್ನ್ ಅಮೆರಿಕದವಳು. ಅವನಿಗಿಂತ ಹತ್ತು ವರ್ಷ ಹಿರಿಯಳು. ಮೊದಲ ಗಂಡನ ನಡತೆಯಿಂದ ನೊಂದು, ಮೂವರು ಮಕ್ಕಳನ್ನು ಕಟ್ಟಿಕೊಂಡು ಚಿತ್ರಕಲೆ ಕಲಿಯಲು ಯೂರೋಪಿಗೆ ಬಂದವಳು. ೧೮೭೬ರ ವಸಂತದಲ್ಲಿ ಪ್ಯಾರಿಸ್ ನಗರದಲ್ಲಿ ಆಕೆಯ ಕಿರಿಯ ಮಗ ಕಣ್ಣುಮುಚ್ಚಿದನು. ಆ ದುಃಖವಿನ್ನೂ ಹಸಿಯಾಗಿದ್ದಾಗಲೇ, ಪ್ಯಾರಿಸಿಗೆ ದಕ್ಷಿಣದಲ್ಲಿ ಚಿತ್ರಕಾರರು ಬಂದು ತಂಗುತ್ತಿದ್ದ ಗ್ರೆ ಎಂಬ ಹಳ್ಳಿಯಲ್ಲಿ ಇಬ್ಬರ ಪರಿಚಯವಾಯಿತು. ಪರಿಚಯ ಪ್ರೇಮವಾಯಿತು. ಎರಡು ವರ್ಷಗಳ ಮೇಲೆ ಫ್ಯಾನಿ ಕ್ಯಾಲಿಫೋರ್ನಿಯಕ್ಕೆ ಹಿಂದಿರುಗಿದಳು. ಮರುವರ್ಷ, ೧೮೭೯ರ ಆಗಸ್ಟಿನಲ್ಲಿ, ಸ್ಟೀವನ್‌ಸನ್ ತಂದೆತಾಯಿಗಳಿಗೆ ಒಂದು ಮಾತನ್ನೂ ಹೇಳದೆ ಹಡಗು ಹತ್ತಿದನು. ಅಟ್ಲಾಂಟಿಕ್ ಸಾಗರವನ್ನು ದಾಟಿ, ವಲಸೆಗಾರರ ರೈಲಿನ ಹಲಗೆಗಳ ಮೇಲೆ ಮಲಗಿ ಒಂದು ಖಂಡವನ್ನೇ ಹಾದು, ಪೆಸಿಫಿಕ್ ತೀರವನ್ನು ಮುಟ್ಟುವ ಹೊತ್ತಿಗೆ ಅವನು ಅರ್ಧ ಜೀವವಾಗಿದ್ದನು.

ಆ ಚಳಿಗಾಲ ಸಾನ್‌ಫ್ರಾನ್ಸಿಸ್ಕೊ ನಗರದ ಬಾಡಿಗೆಯ ಕೋಣೆಯೊಂದರಲ್ಲಿ ಕಳೆಯಿತು. ದಿನಕ್ಕೆ ಅರ್ಧ ಡಾಲರಿಗಿಂತಲೂ ಕಡಿಮೆ ವೆಚ್ಚದಲ್ಲಿ ಹೊಟ್ಟೆ ಹೊರೆದುಕೊಂಡ ದಿನಗಳೂ ಇದ್ದುವು. ೧೮೮೦ರ ಮಾರ್ಚಿಯಲ್ಲಿ ಬಾಯಿಂದ ರಕ್ತ ಬಿತ್ತು. ಅಷ್ಟರಲ್ಲಿ ಮೊದಲ ವಿವಾಹಬಂಧನದಿಂದ ಬಿಡುಗಡೆ ಪಡೆದಿದ್ದ ಫ್ಯಾನಿ, ಊರವರ ಮಾತನ್ನು ಲೆಕ್ಕಿಸದೆ, ಅವನನ್ನು ತನ್ನ ಮನೆಗೆ ಕರೆದೊಯ್ದು ಉಪಚರಿಸಿದಳು. ಎಡಿನ್‌ಬರೋದಲ್ಲಿ ದೀಪಸ್ತಂಭಗಳ ಎಂಜಿನಿಯರಾಗಿದ್ದ ತಂದೆಯ ಮುನಿಸು ಮಗನ ಕಾಯಿಲೆಯ ಸುದ್ದಿ ಮುಟ್ಟುತ್ತಲೇ ಕರಗಿತು. ವರ್ಷಕ್ಕೆ ೨೫೦ ಪೌಂಡು ಕೊಡುವುದಾಗಿ ಆತನಿಂದ ತಂತಿ ಬಂದಿತು. ಮೇ ೧೯ರಂದು, ಪಾದ್ರಿಯೊಬ್ಬರ ಮನೆಯಲ್ಲಿ, ಬೆಳ್ಳಿಯ ಉಂಗುರಗಳನ್ನು ತೊಡಿಸಿಕೊಂಡು ಇಬ್ಬರೂ ಗಂಡಹೆಂಡಿರಾದರು.

ಮದುವೆಯೇನೋ ಆಯಿತು, ಇನ್ನು ಮನೆ. ಕಡಲಿನ ಮಂಜು ಅವನ ಶ್ವಾಸಕೋಶಕ್ಕೆ ಶತ್ರು. ಬೆಟ್ಟದ ಒಣಗಾಳಿ ಬೇಕು. ಸಾನ್‌ಫ್ರಾನ್ಸಿಸ್ಕೊ ನಗರದ ಉತ್ತರಕ್ಕೆ ನಾಪಾ ಎಂಬ ಉದ್ದವಾದ ಕಣಿವೆಯಿದೆ. ಅದರ ತುದಿಯಲ್ಲಿ, ಆಗ ರೈಲು ನಿಲ್ಲುತ್ತಿದ್ದಲ್ಲಿ, ಬಿಸಿನೀರಿನ ಬುಗ್ಗೆಗಳ ಊರು ಕ್ಯಾಲಿಸ್ಟೋಗ. ಅದರ ಹಿಂದೆ ನಾಲ್ಕು ಸಾವಿರ ಅಡಿಗೂ ಮಿಕ್ಕಿ ಎದ್ದುನಿಂತ ಸೇಂಟ್ ಹೆಲೆನಾ ಪರ್ವತ. ದಂಪತಿಗಳು ಮೊದಲು ಕ್ಯಾಲಿಸ್ಟೋಗದ ಹೋಟೆಲಿನಲ್ಲಿ ಇಳಿದುಕೊಂಡರು. ಹೋಟೆಲಿನ ಖರ್ಚು ಬಹುಕಾಲ ತಾಳುವಂತಿರಲಿಲ್ಲ. ಬೆಟ್ಟದ ಮೇಲೆ ಸಿಲ್ವರಾಡೊ ಎಂಬಲ್ಲಿ ಬೆಳ್ಳಿಯ ಗಣಿಯೊಂದು ಕೆಲವೇ ವರ್ಷ ನಡೆದು ನಿಂತುಹೋಗಿದೆಯೆಂದೂ, ಗಣಿಯ ಆಳುಗಳಿದ್ದ ಮನೆ ಪಾಳುಬಿದ್ದಿದೆಯೆಂದೂ ಸುದ್ದಿ ತಿಳಿಯಿತು. ಬಾಡಿಗೆ ಕೇಳುವವರಿಲ್ಲ, ಮುಂಗಡ ಕೇಳುವವರಿಲ್ಲ. ಫ್ಯಾನಿಯ ಹನ್ನೆರಡು ವರ್ಷದ ಮಗ ಲಾಯ್ಡ್, ಚುಚು ಎಂಬ ನಾಯಿ, ಇಷ್ಟು ಪರಿವಾರದೊಡನೆ ಮಧುಚಂದ್ರದ ಮೆರವಣಿಗೆ ಬೆಟ್ಟವನ್ನು ಹತ್ತಿತು.

ಅಲ್ಲಿ ಅವರು ಕಂಡ ಗೃಹವನ್ನು ವರ್ಣಿಸುವುದು ಕಷ್ಟ. ಇಳಿಜಾರಿಗೆ ಒರಗಿಸಿ ಒಂದರ ಮೇಲೊಂದಾಗಿ ನಿಲ್ಲಿಸಿದ್ದ ಮೂರು ಮರದ ಕೋಣೆಗಳು. ಒಂದು ಕೋಣೆಯಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿಯಿಲ್ಲ. ಹೊರಗೆ ಬಂದು, ಬೆಟ್ಟ ಹತ್ತಿ, ಹಲಗೆಯ ಮೇಲೆ ನಡೆದು ಹೋಗಬೇಕು. ಬಾಗಿಲುಗಳು ಬಿದ್ದಿದ್ದುವು, ಕಿಟಕಿಗಳಿಗೆ ಗಾಜಿರಲಿಲ್ಲ. ಕೆಳಗಿನ ಕೋಣೆಯಲ್ಲಿ ಗಣಿಯವರ ಹಳೆಯ ಕಾಗದಪತ್ರಗಳು, ಕಲ್ಲು, ಕಸ. ಮೇಲಿನ ಕೋಣೆಯಲ್ಲಿ ಆಳುಗಳು ಮಲಗುತ್ತಿದ್ದ, ಮೂರು ಮೂರು ಅಂತಸ್ತಿನ ಹಲಗೆಯ ಮಂಚಗಳು. ಮೈಗೆ ತಗುಲಿದರೆ ತುರಿಕೆಯೆಬ್ಬಿಸುವ ವಿಷದ ಬಳ್ಳಿಯೊಂದು ನೆಲದ ಸಂದಿನಿಂದ ಎದ್ದು ಒಳಗೆಯೇ ಚಿಗುರೊಡೆದಿತ್ತು. ಅಂಗಳವೆಂಬುದು ಗಣಿಯಿಂದ ತೆಗೆದು ಸುರಿದ ಕಲ್ಲುರಾಶಿ.

ಇಂಥ ಮನೆಯನ್ನು ಕಂಡು ಕಣ್ಣೀರು ಹಾಕದಿದ್ದ ಹೆಣ್ಣು ಫ್ಯಾನಿ. ಅದಕ್ಕೆ ಕಾರಣವಿತ್ತು. ೧೮೬೦ರ ದಶಕದಲ್ಲಿ, ಮೊದಲ ಗಂಡನೊಡನೆ, ನೆವಾಡದ ಬೆಳ್ಳಿಗಣಿಗಳ ಬಿಡಾರಗಳಲ್ಲಿ ಸಂಸಾರ ಮಾಡಿದವಳು ಆಕೆ. ಇಲ್ಲದುದರಲ್ಲಿ ಇದ್ದಂತೆ ಬಾಳುವ ವಿದ್ಯೆ ಆಗಲೇ ಕೈವಶವಾಗಿತ್ತು. ಸುತ್ತಿಗೆ ಮೊಳೆಗಳನ್ನು ಹಿಡಿದು ನಿಂತಳು. ಕಿಟಕಿಯ ಚೌಕಟ್ಟುಗಳಿಗೆ ತೆಳುವಾದ ಹತ್ತಿಯ ಬಟ್ಟೆಯನ್ನು ಬಿಗಿದಳು. ಬೆಳಕು ಬಂದಿತು, ಗಾಳಿ ನಿಂತಿತು. ಬಾಗಿಲಿಗೆ ತೊಗಲಿನ ತಿರುಗಣೆ ಮಾಡಿದಳು. ಹುಲ್ಲನ್ನು ತರಿಸಿ ಹಾಸಿಗೆಯಾಗಿ ಹರಡಿದಳು. ಸುಡುಬೇಸಗೆಯಲ್ಲಿಯೂ ಹಳೆಯ ಸುರಂಗದ ಬಾಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಅದು ಹಾಲು, ಹಣ್ಣು ಕೆಡದಂತೆ ಇಡುವ ಉಗ್ರಾಣವಾಯಿತು. ಬೆಳ್ಳಿ ಮುಗಿದುಹೋದ ಗಣಿಯಲ್ಲಿ ಬೆಣ್ಣೆಗೆ ಸ್ಥಳ ಸಿಕ್ಕಿತು.

ಗಂಡನ ಪಾಲಿನ ಕೆಲಸವೂ ಇತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವವನು ಅವನು. ಒಲೆ ಹೊತ್ತಿಸಿ, ನೀರು ಕಾಯಿಸಿ, ಗಂಜಿ ಮತ್ತು ಕಾಫಿಯನ್ನು ಸಿದ್ಧಗೊಳಿಸುವುದು ಅವನ ಹೊಣೆ. ನಮ್ಮ ಮನೆಗಳಲ್ಲಿ ಕಾಫಿಯ ಲೋಟ ಕೈಗೆ ಬಂದ ಮೇಲೆ ಕಣ್ಣು ತೆರೆಯುವ ಯಜಮಾನರು ಈ ಸಂಗತಿಯನ್ನು ಬೇಕಾದರೆ ಓದದೆ ಮುಂದೆ ಸಾಗಬಹುದು. ಹಗಲು ಹುಡುಗನಿಗೆ ರೇಖಾಗಣಿತ, ಲ್ಯಾಟಿನ್ ಪಾಠಗಳು. ಸಂಜೆ ಕೆಳಗಿನ ಟೋಲ್ ಹೌಸ್ ಹೋಟೆಲಿಗೆ ಇಳಿದು, ಕುದುರೆಗಾಡಿ ಬರುವುದನ್ನು ನೋಡಿ, ಹಾಲು ತರುವುದು. ಅವರು ತಮ್ಮನ್ನು ತಾವೇ ಸಿಲ್ವರಾಡೊ ರಾಜ್ಯದ ರಾಜ, ರಾಣಿ, ಯುವರಾಜರೆಂದು ಕರೆದುಕೊಂಡರು; ನಾಯಿಗೂ ಒಂದು ಪದವಿ ಇತ್ತು. ತೆರಿಗೆ ಕೊಡುವ ಪ್ರಜೆಗಳು ಮಾತ್ರ ಇರಲಿಲ್ಲ.

ಪ್ರಜೆಗಳಿರಲಿಲ್ಲವೆಂದರೆ ಪೂರ್ತಿ ಸರಿಯಲ್ಲ. ಸುತ್ತಲಿನ ಪೊದೆಗಳಿಂದ ಹಗಲೆಲ್ಲ ಒಂದು ವಿಚಿತ್ರವಾದ ಗಿರಗಿರ ಸದ್ದು ಕೇಳಿಬರುತ್ತಿತ್ತು. ಯಾವುದೋ ಹುಳುಗಳ ಗಾನವೆಂದು ಇವರು ಬಹುದಿನ ನಿಶ್ಚಿಂತೆಯಿಂದ ಓಡಾಡಿದರು. ಅದು ಬಾಲದಲ್ಲಿ ಗೆಜ್ಜೆಯುಳ್ಳ ವಿಷಸರ್ಪಗಳ ಸದ್ದೆಂದು ತಿಳಿದದ್ದು ಕಡೆಯಲ್ಲಿ. ಮತ್ತೊಂದು ಬೆಳಗು, ಎದ್ದು ನೋಡುವಾಗ ಕಣಿವೆಯೇ ಕಾಣದು. ಬೆಟ್ಟದ ಕಾಲಿನವರೆಗೆ ಬೆಳ್ಳಗಿನ ಸಮುದ್ರ. ಕಡಲ ತೀರದ ಮಂಜು ಕಣಿವೆಯನ್ನೆಲ್ಲ ತುಂಬಿ, ಗುಡ್ಡಗಳು ದ್ವೀಪಗಳಂತೆ ತೋರುತ್ತಿದ್ದುವು. ನೋಡಲು ಅಷ್ಟು ಸುಂದರವಾದ ಆ ದೃಶ್ಯವೇ ಅವನು ಓಡಿಬಂದಿದ್ದ ಮೃತ್ಯು. ಅದು ಮೆಲ್ಲಮೆಲ್ಲನೆ ಮೇಲೇರುತ್ತಿರುವುದನ್ನು ಬಿಸಿಲಿನಲ್ಲಿ ನಿಂತು ನೋಡುವಾಗ ಸೌಂದರ್ಯ ಮತ್ತು ಭಯ ಎರಡೂ ಒಟ್ಟಿಗೆ ಮೂಡಿರಬೇಕು.

ಬೇರೆ ಆತಂಕಗಳೂ ತಪ್ಪಲಿಲ್ಲ. ಫ್ಯಾನಿಗೂ ಹುಡುಗನಿಗೂ ಗಂಟಲುಮಾರಿ, ಎಂದರೆ ಡಿಫ್ತೀರಿಯ, ತಗುಲಿತು. ಸಂಸಾರ ಗಂಟುಮೂಟೆ ಕಟ್ಟಿ ಕ್ಯಾಲಿಸ್ಟೋಗಕ್ಕೆ ಇಳಿಯಿತು. ಗುಣವಾದ ಮೇಲೆ ಮತ್ತೆ ಬೆಟ್ಟವೇರಿತು. ರೋಗಿಯ ಆರೈಕೆಗೆಂದು ಬಂದ ಮಡದಿ ತಾನೇ ರೋಗಿಯಾದಾಗ, ರೋಗಿ ಆರೈಕೆಗೆ ನಿಲ್ಲಬೇಕಾಯಿತು. ದಾಂಪತ್ಯದ ಮೊದಲ ಪಾಠ ಇದೇ ಅಲ್ಲವೇ?

ಈ ದಿನಗಳಲ್ಲಿಯೇ ಒಮ್ಮೆ ಅವರು ವಿಹಾರಕ್ಕೆಂದು ದ್ರಾಕ್ಷಿತೋಟಗಳನ್ನು ನೋಡಲು ಹೊರಟರು. ನಮ್ಮಲ್ಲಿ ಊಟಕ್ಕೆ ಮಜ್ಜಿಗೆ ಹೇಗೋ ಫ್ರಾನ್ಸಿನಲ್ಲಿ ಕೆಲಕಾಲ ಬಾಳಿದವರಿಗೆ ವೈನ್ ಹಾಗೆ. ಆ ಕಾಲದಲ್ಲಿ ನಾಪಾ ಕಣಿವೆಯ ವೈನಿಗೆ ಕೀರ್ತಿ ಇರಲಿಲ್ಲ. ಸಾನ್‌ಫ್ರಾನ್ಸಿಸ್ಕೊ ನಗರದ ವರ್ತಕನೊಬ್ಬ ಯೂರೋಪಿನ ಊರುಗಳ, ಕೋಟೆಗಳ ಹೆಸರುಗಳನ್ನು ಅಚ್ಚುಹಾಕಿಸಿದ ಚೀಟಿಗಳ ರಾಶಿಯನ್ನೇ ಸ್ಟೀವನ್‌ಸನ್ನನಿಗೆ ತೋರಿಸಿದ್ದನು. ಸ್ವದೇಶದ ಸರಕೆಂದರೆ ಕೊಳ್ಳುವವರಿಲ್ಲ. ಆದುದರಿಂದ ಪರದೇಶದ ಹೆಸರಿನ ಅಂಟುಚೀಟಿ! ಈ ವ್ಯಾಧಿ ಅಮೆರಿಕಕ್ಕೆ ಮಾತ್ರ ಮೀಸಲಾದುದಲ್ಲವೆಂಬುದನ್ನು ವಾಚಕರು ಬಲ್ಲರು.

ಶ್ರಾಮ್ಸ್‌ಬರ್ಗ್ ಎಂಬ ತೋಟದ ಒಡೆಯ ಯಾಕೋಬ್ ಶ್ರಾಮ್ ಜರ್ಮನಿಯಿಂದ ವಲಸೆ ಬಂದವನು. ಮೊದಲು ಕ್ಷೌರಿಕನಾಗಿದ್ದು, ಕೂಡಿಸಿದ ಹಣದಿಂದ ೧೮೬೨ರಲ್ಲಿ ಕಾಡುಗುಡ್ಡವನ್ನು ಕೊಂಡು ದ್ರಾಕ್ಷಿಯ ಬಳ್ಳಿ ನೆಟ್ಟವನು. ಅತಿಥಿಗಳು ಬಂದಾಗ ಫ್ಯಾನಿ ಮನೆಯೊಡತಿಯೊಡನೆ ಜಗಲಿಯಲ್ಲಿ ಕುಳಿತು ಮಾತನಾಡುತ್ತಿದ್ದಳು. ಗಂಡಸರಿಬ್ಬರೂ ಗುಡ್ಡದ ಹೊಟ್ಟೆಯನ್ನು ಕೊರೆದು ಮಾಡಿದ ತಂಪಾದ ಗುಹೆಯೊಳಕ್ಕೆ ನಡೆದರು. ಶ್ರಾಮನಿಗೆ ಅದು ವ್ಯಾಪಾರವಲ್ಲ, ಪೂಜೆ. ಒಂದೊಂದು ಪೀಪಾಯಿಯಿಂದಲೂ ಸ್ವಲ್ಪಸ್ವಲ್ಪ ತೆಗೆದು ಕೊಟ್ಟು, ಅತಿಥಿಯ ಮುಖವನ್ನೇ ನೋಡುತ್ತ ನಿಲ್ಲುವನು. ಕೆಂಪು, ಬಿಳುಪು, ಹೊಂಬಣ್ಣ—ಸ್ಟೀವನ್‌ಸನ್ ಒಂದನ್ನೂ ಬಿಡದೆ ರುಚಿ ನೋಡಿದನು.

ಅಲ್ಲಿ ಅವನಿಗೆ ಹೊಳೆದ ಒಂದು ವಿಚಾರ ಇಂದಿಗೂ ಮನನಯೋಗ್ಯವಾಗಿದೆ. ಗಣಿಯವನು ಬೆಟ್ಟದ ಮೂಲೆಮೂಲೆಯನ್ನೂ ಅಗೆದು ಲೋಹವನ್ನು ಹುಡುಕುವಂತೆಯೇ, ತೋಟಗಾರನೂ ಒಂದೊಂದು ಮಣ್ಣಿಗೆ ಒಂದೊಂದು ಬಗೆಯ ಬಳ್ಳಿಯನ್ನು ನೆಟ್ಟು ನೋಡುತ್ತಾನೆ. ಇದು ಹಿಡಿಯದು, ಅದು ಬಾರದು, ಮೂರನೆಯದು ಪರವಾಗಿಲ್ಲ—ಹೀಗೆ ತಲೆಮಾರುಗಳು ಕಳೆದ ಮೇಲೆ ಒಂದು ದಿನ ಆ ಮಣ್ಣು, ಆ ಬಳ್ಳಿ ಒಂದನ್ನೊಂದು ಅರಿತುಕೊಳ್ಳುತ್ತವೆ. ಆ ವೇಳೆಗೆ ಫ್ರಾನ್ಸಿನ ತೋಟಗಳನ್ನು ಬೇರು ತಿನ್ನುವ ಸಣ್ಣ ಹೇನೊಂದು ನಾಶಮಾಡುತ್ತಿದ್ದಿತು. ಅದು ಅಮೆರಿಕದಿಂದಲೇ ಹೋದ ಪಿಡುಗು. ಅದಕ್ಕೆ ಪರಿಹಾರವಾಗಿ ಫ್ರಾನ್ಸಿನವರು ಕಡೆಗೆ ತಮ್ಮ ಬಳ್ಳಿಗಳನ್ನು ಅಮೆರಿಕದ ಬೇರಿಗೇ ಕಸಿಮಾಡಬೇಕಾಯಿತು. ಹಳೆಯ ತೋಟಗಳು ಸಾಯುತ್ತಿರುವಾಗ ಹೊಸ ಕಣಿವೆಯಲ್ಲಿ ಮೊಳಕೆ ಕಂಡ ಸ್ಟೀವನ್‌ಸನ್ ಅದರ ಭವಿಷ್ಯವನ್ನು ನಂಬಿದನು.

ಅವನ ನಂಬಿಕೆ ಸುಳ್ಳಾಗಲಿಲ್ಲ. ಆದರೆ ಕಾಲ ಹಿಡಿಯಿತು. ಶ್ರಾಮನು ೧೯೦೫ರಲ್ಲಿ ತೀರಿಕೊಂಡನು. ೧೯೨೦ರಿಂದ ೧೯೩೩ರವರೆಗೆ ಅಮೆರಿಕದಲ್ಲಿ ಪಾನನಿರೋಧ ಜಾರಿಯಲ್ಲಿತ್ತು. ಅನೇಕ ತೋಟಗಳು ಹಾಳುಬಿದ್ದುವು. ೧೯೬೫ರಲ್ಲಿ ಜ್ಯಾಕ್ ಮತ್ತು ಜೇಮಿ ಡೇವೀಸ್ ಎಂಬ ದಂಪತಿಗಳು ಪಾಳುಬಿದ್ದಿದ್ದ ಶ್ರಾಮ್ಸ್‌ಬರ್ಗನ್ನು ಕೊಂಡು, ಆ ಗುಹೆಗಳನ್ನು ಮತ್ತೆ ಗುಡಿಸಿದರು. ಏಳು ವರ್ಷಗಳ ಮೇಲೆ, ೧೯೭೨ರಲ್ಲಿ, ಅಧ್ಯಕ್ಷ ನಿಕ್ಸನ್ನರು ಪೀಕಿಂಗ್ ನಗರದಲ್ಲಿ ಚೌ ಎನ್‌ಲಾಯ್ ಅವರೊಡನೆ ಶುಭ ಕೋರಿ ಬಟ್ಟಲೆತ್ತಿದಾಗ, ಅದರಲ್ಲಿದ್ದುದು ಆ ತೋಟದ ವೈನ್. ೧೯೭೬ರಲ್ಲಿ ಪ್ಯಾರಿಸಿನಲ್ಲಿಯೇ ಹೆಸರುಗಳನ್ನು ಮರೆಮಾಡಿ ನಡೆಸಿದ ಪರೀಕ್ಷೆಯೊಂದರಲ್ಲಿ ಫ್ರಾನ್ಸಿನ ತೀರ್ಪುಗಾರರು ಕೆಂಪು, ಬಿಳುಪು ಎರಡರಲ್ಲಿಯೂ ನಾಪಾ ಕಣಿವೆಯ ವೈನಿಗೇ ಮೊದಲ ಸ್ಥಾನ ಕೊಟ್ಟರು. ಬಿಳುಪಿನಲ್ಲಿ ಗೆದ್ದದ್ದು ಕ್ಯಾಲಿಸ್ಟೋಗದ ಷಾಟೋ ಮಾಂಟೆಲೀನ. ಆ ಹೆಸರು ಸೇಂಟ್ ಹೆಲೆನಾ ಪರ್ವತದ ಹೆಸರಿನಿಂದಲೇ ಕಡೆದದ್ದು. ಚೀಟಿ ಮರೆಯಾದಾಗ ಸರಕು ಮಾತನಾಡಿತು.

ಬೆಟ್ಟದ ಸಂಸಾರ ಜುಲೈ ತಿಂಗಳ ಕೊನೆಗೆ ಮುಗಿಯಿತು. ಗಂಡನ ಮೈಯಲ್ಲಿ ಒಂದಿಷ್ಟು ರಕ್ತ ತುಂಬಿತ್ತು. ಆಗಸ್ಟಿನಲ್ಲಿ ಅವರು ಹಡಗು ಹತ್ತಿ ಸ್ಕಾಟ್ಲೆಂಡಿನ ಅತ್ತೆಮಾವಂದಿರ ಮನೆಗೆ ಹೋದರು. ಮಗನಿಗಿಂತ ಹತ್ತು ವರ್ಷ ದೊಡ್ಡವಳಾದ, ಬೆಳೆದ ಮಕ್ಕಳಿರುವ ಸೊಸೆಯನ್ನು ಅತ್ತೆಮಾವಂದಿರು ಹೇಗೆ ಕಂಡಾರೆಂಬ ಅಳುಕು ಆಕೆಗಿದ್ದರೆ ಆಶ್ಚರ್ಯವಿಲ್ಲ. ಆದರೆ ಮಗನನ್ನು ಬದುಕಿಸಿ ತಂದವಳನ್ನು ಅವರು ಪ್ರೀತಿಯಿಂದಲೇ ಕಂಡರು. ಸಿಲ್ವರಾಡೊದ ಆ ಎರಡು ತಿಂಗಳ ಕಥೆಯನ್ನು ಸ್ಟೀವನ್‌ಸನ್ ೧೮೮೩ರಲ್ಲಿ ‘ದಿ ಸಿಲ್ವರಾಡೊ ಸ್ಕ್ವಾಟರ್ಸ್’ ಎಂಬ ಹೆಸರಿನಿಂದ ಪ್ರಕಟಿಸಿದನು.

ಮುಂದಿನ ಹದಿನಾಲ್ಕು ವರ್ಷಗಳು ಸುಖದ ಸುಪ್ಪತ್ತಿಗೆಯಾಗಿದ್ದುವೆಂದು ಹೇಳುವಂತಿಲ್ಲ. ಸ್ವಿಟ್ಜರ್‌ಲೆಂಡಿನ ಹಿಮ, ಫ್ರಾನ್ಸಿನ ಬಿಸಿಲು, ಇಂಗ್ಲೆಂಡಿನ ಕಡಲ ತೀರ—ಉಸಿರಾಡಲು ಸ್ಥಳವನ್ನರಸುತ್ತ ಸಂಸಾರ ಊರಿಂದೂರಿಗೆ ಅಲೆಯಿತು. ಒಂದು ರಾತ್ರಿ ಬಾಯಿಂದ ರಕ್ತ ಹರಿಯುತ್ತಿದ್ದಾಗ, ಫ್ಯಾನಿಯ ಕೈ ನಡುಗಿ ಔಷಧಿಯನ್ನು ಅಳೆದು ಸುರಿಯಲಾಗಲಿಲ್ಲ. ಗಂಡನೇ ಸೀಸೆಯನ್ನು ತೆಗೆದುಕೊಂಡು, ಕೈ ಅಲುಗದೆ ಸುರಿದು ಕುಡಿದು, ಹೆದರಬೇಡವೆಂದು ಕಾಗದದ ಮೇಲೆ ಬರೆದು ತೋರಿಸಿದನು. ಜಗಳಗಳೂ ಇದ್ದುವು. ೧೮೮೫ರಲ್ಲಿ ಮೂರು ದಿನಗಳಲ್ಲಿ ಬರೆದು ಮುಗಿಸಿದ ‘ಜೆಕಿಲ್ ಮತ್ತು ಹೈಡ್’ ಕಥೆಯನ್ನು ಅವನು ಓದಿಹೇಳಿದಾಗ, ಕಥೆಯ ಒಳಗಿನ ತತ್ತ್ವವೇ ತಪ್ಪಿಹೋಗಿದೆಯೆಂದು ಫ್ಯಾನಿ ನೇರವಾಗಿ ಹೇಳಿದಳು. ಅವನು ಸಿಟ್ಟಿಗೆದ್ದು ಮೇಲಕ್ಕೆ ಹೋದನು. ಸ್ವಲ್ಪ ಹೊತ್ತಿನ ಮೇಲೆ ಬಂದು, ನೀನು ಹೇಳಿದ್ದು ಸರಿಯೆಂದು ಒಪ್ಪಿ, ಹಸ್ತಪ್ರತಿಯನ್ನು ಬೆಂಕಿಗೆ ಹಾಕಿ, ಹೊಸದಾಗಿ ಬರೆದನೆಂದು ಲಾಯ್ಡ್ ದಾಖಲಿಸಿದ್ದಾನೆ. ೧೮೯೦ರಲ್ಲಿ ದಕ್ಷಿಣ ಸಮುದ್ರದ ಸಮೋವಾ ದ್ವೀಪದಲ್ಲಿ ನೆಲೆನಿಂತ ಮೇಲೆ, ಮಣ್ಣಿನಲ್ಲಿ ಕೈಯಿಟ್ಟು ತೋಟ ಬೆಳೆಸುತ್ತಿದ್ದ ಹೆಂಡತಿಯನ್ನು, ನಿನ್ನದು ಕಲಾವಿದೆಯ ಆತ್ಮವಲ್ಲ, ರೈತಳ ಆತ್ಮ ಎಂದನು. ಆಕೆ ಆ ಮಾತನ್ನು ಮರೆಯಲಿಲ್ಲ. ನೊಂದು ದಿನಚರಿಯಲ್ಲಿ ಬರೆದಿಟ್ಟಳು. ಮುಂದೆ ಆಕೆಯ ಮನಸ್ಸೇ ಕದಡಿ, ಮನೆಯವರೆಲ್ಲ ಕಾವಲಿರಬೇಕಾದ ದಿನಗಳೂ ಬಂದುವು. ಆಗ ಶುಶ್ರೂಷೆಯ ಸರದಿ ಅವನದು.

೧೮೯೪ರ ಡಿಸೆಂಬರ್ ೩. ಅಂದು ಬೆಳಿಗ್ಗೆ ಅವನು ಹೊಸ ಕಾದಂಬರಿಯ ಬರವಣಿಗೆಯಲ್ಲಿ ಮಗ್ನನಾಗಿದ್ದನು. ಸಂಜೆ ಕೆಳಗೆ ಬಂದಾಗ ಫ್ಯಾನಿ ಕಳೆಗುಂದಿ ಕುಳಿತಿದ್ದಳು. ತಮಗೆ ಪ್ರಿಯರಾದವರು ಯಾರಿಗೋ ಕೇಡು ಕಾದಿದೆಯೆಂಬ ಶಂಕೆ ಆಕೆಯನ್ನು ಹಿಡಿದಿತ್ತು. ಅವಳ ಮನಸ್ಸನ್ನು ತಿಳಿಗೊಳಿಸಬೇಕೆಂದು ಅವನು ಇಸ್ಪೀಟು ಆಡಿದನು. ಅಮೆರಿಕದ ಪ್ರವಾಸದ ಮಾತೆತ್ತಿದನು. ಹಸಿವಾಗಿದೆಯೆಂದು, ರಾತ್ರಿಯ ಊಟಕ್ಕೆ ಕೋಸಂಬರಿಯಂಥ ಹಸಿ ತರಕಾರಿಯ ಸಾಲಡ್ ಮಾಡಲು ಜತೆಗೂಡಿದನು. ಊಟಕ್ಕೆ ಮೆರುಗು ಬರಲೆಂದು ನೆಲಮನೆಗೆ ಹೋಗಿ ಹಳೆಯ ಬರ್ಗಂಡಿ ವೈನಿನ ಸೀಸೆಯೊಂದನ್ನು ತಂದನು. ಜಗಲಿಯ ಮೇಲೆ ಹೆಂಡತಿಯ ಪಕ್ಕದಲ್ಲಿ ನಿಂತು ಮಾತನಾಡುತ್ತಿದ್ದವನು ಇದ್ದಕ್ಕಿದ್ದಂತೆ ಎರಡು ಕೈಗಳಿಂದಲೂ ತಲೆಯನ್ನು ಹಿಡಿದುಕೊಂಡನು. ತನ್ನ ಮುಖ ಬೇರೆಯಾಗಿ ಕಾಣುತ್ತಿದೆಯೇ ಎಂದು ಅವಳನ್ನು ಕೇಳಿ, ಅವಳ ಕಾಲಬಳಿಯೇ ಕುಸಿದನು. ಎರಡು ದಶಕಗಳ ಕಾಲ ಎಲ್ಲರೂ ಹೆದರಿದ್ದುದು ಶ್ವಾಸಕೋಶಕ್ಕೆ. ರಕ್ತನಾಳ ಒಡೆದದ್ದು ಮಿದುಳಿನಲ್ಲಿ. ರಾತ್ರಿ ಎಂಟು ಗಂಟೆಯ ಮೇಲೆ ಪ್ರಾಣ ಹೋಯಿತು. ಅವನಿಗಾಗ ನಲವತ್ತನಾಲ್ಕು ವರ್ಷ.

ಮನೆಯ ಹಿಂದಿನ ವಯಿಯಾ ಬೆಟ್ಟದ ಮೇಲೆ ತನ್ನನ್ನು ಮಣ್ಣುಮಾಡಬೇಕೆಂದು ಅವನ ಆಸೆಯಿತ್ತು. ದಾರಿಯೇ ಇಲ್ಲದ ಕಾಡನ್ನು ಸಮೋವಾದ ಜನ ಕಡಿದು ದಾರಿ ಮಾಡಿ, ಮರುದಿನವೇ ಅವನನ್ನು ಹೊತ್ತು ಮೇಲಕ್ಕೆ ಕೊಂಡೊಯ್ದರು.

ಸಿಲ್ವರಾಡೊದ ಆ ಮುರುಕು ಮನೆ ಇಂದು ಇಲ್ಲ. ಆ ಬೆಟ್ಟ ಈಗ ಸ್ಟೀವನ್‌ಸನ್ನನ ಹೆಸರಿನ ಸರಕಾರಿ ಉದ್ಯಾನ. ಮನೆಯಿದ್ದ ಜಾಗದಲ್ಲಿ, ತೆರೆದ ಪುಸ್ತಕದ ಆಕಾರದ ಕಲ್ಲೊಂದನ್ನು ನಿಲ್ಲಿಸಿದ್ದಾರೆ. ಫ್ಯಾನಿ ಗಂಡ ಸತ್ತ ಮೇಲೆ ಹತ್ತೊಂಬತ್ತು ವರ್ಷ ಬದುಕಿದ್ದು, ೧೯೧೪ರಲ್ಲಿ ಕ್ಯಾಲಿಫೋರ್ನಿಯದಲ್ಲಿಯೇ ತೀರಿಕೊಂಡಳು. ಮರುವರ್ಷ ಆಕೆಯ ಚಿತಾಭಸ್ಮವನ್ನು ಮಗಳು ಹಡಗಿನಲ್ಲಿ ಸಮೋವಾಕ್ಕೆ ಕೊಂಡೊಯ್ದು, ವಯಿಯಾ ಬೆಟ್ಟದ ಮೇಲೆ ಅವನ ಬಳಿ ಇರಿಸಿದಳು.

ಸಿಲ್ವರಾಡೊದಲ್ಲಿ ದಿನವೂ ಮೊದಲು ಎದ್ದು ಒಲೆ ಹೊತ್ತಿಸುತ್ತಿದ್ದವನು ಅವನು. ಕಾಫಿಯ ಪರಿಮಳ ಬಂದ ಮೇಲೆ ಏಳುವವಳು ಅವಳು. ಈ ಬೆಟ್ಟವನ್ನೂ ಅವನೇ ಮೊದಲು ಹತ್ತಿದನು. ಅವಳು ಬರುವುದು ಸ್ವಲ್ಪ ತಡವಾಯಿತು, ಅಷ್ಟೆ.